ಟೈಲರ್ ಮಾಸ್ಟ್ರ ತಗಡಿನ ಹೊಲಿಗೆ

ಮಾಸ್ಟ್ರು ಎಂದರೆ ಶಾಲೆಯ ಮಾಸ್ಟ್ರಲ್ಲ, ಟೈಲರ್ ಮಾಸ್ಟ್ರು. ಬೀದಿಯ ಅರ್ಧ ಜನರ ಹೊಟ್ಟೆಯ ಸುತ್ತಳತೆ ಗೊತ್ತಿದ್ದೂ ಒಬ್ಬರದನ್ನು ಇನ್ನೊಬ್ಬರ ಮುಂದೆ ಬಾಯಿಬಿಡದ ಮನುಷ್ಯ. ಅಂಗಡಿ ಮುಚ್ಚಿ ವರ್ಷಗಳಾದರೂ ಟೇಪು ಕೊರಳಿನಿಂದ ಇಳಿದಿರಲಿಲ್ಲ. ಅಂಥವರು ಇಳಿವಯಸ್ಸಿನಲ್ಲಿ ಸೂಜಿ ಬಿಟ್ಟು ವೆಲ್ಡಿಂಗ್ ಮಷೀನು ಹಿಡಿದಾಗ ಬೀದಿಯವರು ನಕ್ಕರು. ನಗಲಿ ಬಿಡಿ, ಅವರಿಗೆ ಕಾರಣ ಗೊತ್ತಿರಲಿಲ್ಲ.

ಕಾರಣ ಇಷ್ಟೆ: ಹೆಂಡತಿಯನ್ನು ದಿನಾ ಸಂಜೆ ಮನೆಗೆ ಕರೆತರಬೇಕಿತ್ತು. ಆಕೆ ಇದ್ದದ್ದು ಮನೆಯಲ್ಲೇ.

ಆಕೆಗೆ ಮರೆವಿನ ಕಾಯಿಲೆ. ಹಗಲು ಹೇಗೋ ಕಳೆಯುತ್ತಿತ್ತು. ದೀಪ ಹಾಕುವ ಹೊತ್ತಿಗೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. "ರೀ, ನಡೀರಿ ಮನೆಗೆ ಹೋಗೋಣ. ಎಷ್ಟು ಹೊತ್ತೂಂತ ಇನ್ನೊಬ್ಬರ ಮನೇಲಿ ಕೂತಿರೋದು?" ಇದೇ ನಮ್ಮ ಮನೆ ಎಂದರೆ ಅಳು. ಗೋಡೆಯ ಮೇಲಿನ ಮದುವೆ ಫೋಟೋ ತೋರಿಸಿದರೆ ಇನ್ನಷ್ಟು ಅಳು. ಒಂದು ಸಂಜೆ ಮಾಸ್ಟ್ರು ವಾದದಲ್ಲಿ ಸೋತು ಹಳೇ ಕಾರು ತೆಗೆದರು. ಬೇಕರಿಯ ತನಕ ಹೋಗಿ, ಪಾರ್ಕು ಸುತ್ತಿ, ತಮ್ಮದೇ ಗೇಟಿನ ಮುಂದೆ ನಿಲ್ಲಿಸಿ, "ಬಂತು ನೋಡು ಮನೆ" ಎಂದರು. ಆಕೆ ಇಳಿದು, ಚಪ್ಪಲಿ ಬಿಟ್ಟು, ಉಸ್ಸಪ್ಪಾ ಎಂದು ಒಳಗೆ ಹೋಗಿ, ಹಾಯಾಗಿ ಉಂಡು ಮಲಗಿದಳು. ಡಾಕ್ಟರ ಮಾತ್ರೆಗೆ ಬಗ್ಗದ್ದು ಪಾರ್ಕಿನ ಒಂದು ಸುತ್ತಿಗೆ ಬಗ್ಗಿತ್ತು. ಅಂದಿನಿಂದ ಅದೇ ಔಷಧಿ.

ಆದರೆ ಆ ಕಾರಿಗೂ ಒಂದು ಕಾಯಿಲೆಯಿತ್ತು. ಒದ್ದೆ ಕೊಡೆಯನ್ನು ಕಾಲಬಳಿ ಇಡಬೇಡ ಮಾರಾಯ್ತಿ ಎಂದು ಮಾಸ್ಟ್ರು ಕಾರು ಕೊಂಡಂದಿನಿಂದ ಗೋಗರೆದಿದ್ದರು. "ಯಾಕೆ, ಕಾರಿಗೆ ನೆಗಡಿಯಾಗುತ್ತಾ?" ಎಂದು ಆಕೆ ಕೇಳುತ್ತಿದ್ದಳು. ನೆಗಡಿಯಾಗಲಿಲ್ಲ, ತುಕ್ಕು ಹಿಡಿಯಿತು. ಮ್ಯಾಟಿನ ಅಡಿಯಲ್ಲಿ ಸದ್ದಿಲ್ಲದೆ ತುತ್ತು ತುತ್ತಾಗಿ ತಿಂದು, ಒಂದು ಸಂಜೆ ಪಾರ್ಕಿನ ತಿರುವಿನಲ್ಲಿ ನೆಲ ತೂತಾಯಿತು. ಆಕೆಯ ಕಾಲು ಅದರೊಳಗೆ ಇಳಿಯಿತು. ಚಪ್ಪಲಿ ರಸ್ತೆಗೆ ಬಿತ್ತು. ಕಾಲಡಿಯಲ್ಲಿ ರಸ್ತೆ ಓಡುತ್ತಿರುವುದನ್ನು ಆಕೆ ಬಗ್ಗಿ ನೋಡಿದಳು. ಕೂಗಲಿಲ್ಲ. ಮಾಸ್ಟ್ರ ತೋಳನ್ನು ಹಿಡಿದ ಕೈ ಮಾತ್ರ ಮನೆ ಸೇರಿ ಎಷ್ಟೋ ಹೊತ್ತಾದರೂ ಸಡಿಲವಾಗಲಿಲ್ಲ.

ಮರುದಿನದಿಂದ ಆಕೆ ಆ ಕಾರು ಹತ್ತಲಿಲ್ಲ. ಆಕೆಯ ತಂಗಿ ತನ್ನ ಹೊಸ ಕಾರು ತಂದಳು. ಕಂಡವರ ಗಾಡಿಯಲ್ಲಿ ಕೂರುವ ಹೆಂಗಸು ನಾನಲ್ಲ ಎಂದು ಆಕೆ ಮುಖ ತಿರುಗಿಸಿದಳು. ಸಂಜೆಗಳು ಬಾಗಿಲಲ್ಲೇ, ಕೈಚೀಲದ ಜೊತೆ, ಅಳುವಿನಲ್ಲೇ ಕಳೆಯತೊಡಗಿದವು. ಹಟ ಹೆಚ್ಚಾಗಿ ಆಕೆ ಒಮ್ಮೆ ಗೇಟು ದಾಟಿ ದೊಡ್ಡ ರಸ್ತೆಯವರೆಗೂ ಹೋದಳು. ನಾದಿನಿ ಮಾಸ್ಟ್ರನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿದಳು.

"ಭಾವ, ಬೇಜಾರು ಮಾಡ್ಕೋಬೇಡಿ. ಇಂಥವರನ್ನ ನೋಡ್ಕೊಳ್ಳೋ ಜಾಗ ಒಂದಿದೆ, ನಾನು ಹೋಗಿ ನೋಡ್ಕೊಂಡು ಬಂದೆ. ಈ ತಿಂಗಳ ಕೊನೆವರೆಗೂ ಮಂಚ ಖಾಲಿ ಇಟ್ಟಿರ್ತಾರಂತೆ."

"ಕಾರಿನ ನೆಲ ಒಂದು ಸರಿ ಮಾಡ್ಬಿಡ್ತೀನಿ" ಎಂದರು ಮಾಸ್ಟ್ರು. "ಗಟ್ಟಿಯಾಗಿದೆ ಅಂತ ಗೊತ್ತಾದ್ರೆ ಕೂರ್ತಾಳೆ. ಅಲ್ಲೀತನಕ ಆ ಮಾತು ಬೇಡ."

ಗ್ಯಾರೇಜಿನವರು ಬಗ್ಗಿ ನೋಡಿ, ಇದು ಗ್ಯಾರೇಜಿನ ಕೇಸಲ್ಲ, ಗುಜರಿಯ ಕೇಸು ಎಂದು ಎದ್ದರು. ಹಾಗಾಗಿ ಬೀದಿಯ ತುದಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಗೆಳೆಯನಿಂದ ಸಣ್ಣ ಮಷೀನು ಮನೆಯ ಶೆಡ್ಡಿಗೆ ಬಂತು. ಎಲ್ಲರೂ ಅವನನ್ನು ಗೇಟಣ್ಣ ಎನ್ನುತ್ತಿದ್ದರು. ಕಿಡಿ ಬಿದ್ದರೆ ಹತ್ತಿಕೊಳ್ಳುವ ಸೀಟು, ಮ್ಯಾಟು ಎಲ್ಲ ಬಿಚ್ಚಿ ಹೊರಗಿಡು, ಬ್ಯಾಟರಿ ಕಳಚು, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ, ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸು ಎಂದು ಹೇಳಿಕೊಟ್ಟು ಅವನು ತನ್ನ ಗೇಟುಗಳತ್ತ ಹೋದ.

ಒಳ್ಳೆಯ ತಗಡು ಎಲ್ಲಿದೆ ಎಂದು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ತಿಳಿಯಬೇಕು. ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತದೆ, ತುಕ್ಕು ತಿಂದಲ್ಲಿ ಬೊದ್ದೆನ್ನುತ್ತದೆ. ಮಾಸ್ಟ್ರು ಹಗಲೆಲ್ಲ ಕಾರನ್ನು ತಟ್ಟುತ್ತಿದ್ದರು, ಊಟಕ್ಕೆ ಕೂತಾಗ ಹೆಂಡತಿಯನ್ನು. ಅಂಗಡಿ ತೆರೆದ ದಿನ ಮೊದಲು ಬಂದ ಗಿರಾಕಿ ಯಾರು, ನೆನಪಿದೆಯಾ? ಮದುವೆಗೆ ನಾನೇ ಹೊಲಿದುಕೊಂಡ ಕೋಟಿನ ಒಂದು ತೋಳು ಗಿಡ್ಡವಾಗಿತ್ತಲ್ಲ, ಯಾವುದು? ಆಕೆ ಗೌರವದಿಂದ ನಕ್ಕು ತಟ್ಟೆ ನೋಡುತ್ತಿದ್ದಳು.

ನೆಲಕ್ಕೆ ಅವರು ಮೊದಲು ಪೇಪರ್ ಕಟಿಂಗ್ ಮಾಡಿದರು, ಕೋಟಿಗೆ ಮಾಡುವ ಹಾಗೆ. ಅದನ್ನು ತಗಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಂಚಿಗೆ ಮಾರ್ಜಿನ್ ಬಿಟ್ಟು ಕತ್ತರಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಆಮೇಲೆ ಟೈಲರು ಮಾತ್ರ ಮಾಡಬಲ್ಲ ತಪ್ಪು ಮಾಡಿದರು: ಈ ತುದಿಯಲ್ಲಿ ಹಿಡಿದು ಆ ತುದಿಯವರೆಗೆ, ಎಲ್ಲೂ ನಿಲ್ಲಿಸದೆ, ಒಂದೇ ಓಟದಲ್ಲಿ ಹೊಲಿದುಬಿಟ್ಟರು. ಕಣ್ಣಿಗೆ ಚಂದವೇ ಕಂಡಿತು. ಆರುತ್ತಾ ಆರುತ್ತಾ ತಗಡು ನೆರಿಗೆಗಟ್ಟಿ ಎದ್ದು ನಿಂತಿತು. ಬಾಗಿಲಡಿಯ ಅಂಚಿನ ಪಟ್ಟಿಯನ್ನೂ ಎಳೆದುಕೊಂಡು, ಆಕೆಯ ಕಡೆಯ ಬಾಗಿಲು ಮುಚ್ಚದ ಹಾಗಾಯಿತು.

ಗೇಟಣ್ಣ ಬಂದು ನೋಡಿ ಮೊದಲು ಹೊಟ್ಟೆ ಹಿಡಿದು ನಕ್ಕ. ಮಾಸ್ಟ್ರ ಮುಖ ನೋಡಿ ನಿಲ್ಲಿಸಿದ.

"ಮಾಸ್ಟ್ರೇ, ಬಟ್ಟೆಗೆ ಬಿಸಿ ತಾಗಲ್ಲ, ಇದಕ್ಕೆ ತಾಗುತ್ತೆ. ಇಲ್ಲೊಂದು ಚುಕ್ಕೆ ಇಡಿ, ಆಮೇಲೆ ಅಷ್ಟು ದೂರ ಹೋಗಿ ಇನ್ನೊಂದು. ಆರೋಕ್ಕೆ ಬಿಡಿ. ಮತ್ತೆ ಮಧ್ಯೆ ಒಂದು."

"ಅದಕ್ಕೆ ನಾವು ಕಚ್ಚಾ ಹೊಲಿಗೆ ಅಂತೀವಿ."

"ನಿಮ್ಮಲ್ಲಿ ಕಚ್ಚಾ, ನಮ್ಮಲ್ಲಿ ಅದೇ ಪಕ್ಕಾ."

ಮಾಸ್ಟ್ರು ಹೊಲಿದದ್ದನ್ನೆಲ್ಲ ಬಿಚ್ಚಿದರು. ಬಿಚ್ಚಿ ಹೊಲಿಯುವುದು ಅವರಿಗೆ ಹೊಸದೇನಲ್ಲ. ಗ್ರೈಂಡರಿನಲ್ಲಿ ಬಿಚ್ಚುವುದು ಹೊಸದು. ಇಬ್ಬರೂ ಸೇರಿ ಅಂಚಿನ ಪಟ್ಟಿಯನ್ನು ಸುತ್ತಿಗೆಯಿಂದ ಹದಕ್ಕೆ ತಂದರು. ಮತ್ತೆ ಪೇಪರು, ಮತ್ತೆ ತಗಡು. ಒಂದು ಚುಕ್ಕೆ, ಒಂದು ಕಾಯುವಿಕೆ. ಕಾಯುವಾಗ ಬಾಗಿಲಲ್ಲಿ ಹೆಂಡತಿಯ ಅಳು ಕೇಳುತ್ತಿತ್ತು. ಎದ್ದು ಹೋಗಿ ಸಮಾಧಾನ ಮಾಡಿ ಬರುವಷ್ಟರಲ್ಲಿ ತಗಡು ಆರಿರುತ್ತಿತ್ತು, ಅಳು ಆರಿರುತ್ತಿರಲಿಲ್ಲ. ತಿಂಗಳು ಮುಗಿಯುವ ಮೊದಲು ನೆಲ ಮುಗಿಯಿತು. ಬಣ್ಣ ಬಳಿದು, ಸೀಟು ಕೂರಿಸಿ, ತಾವೇ ಹತ್ತಿ ನಿಂತು ಕುಣಿದು ನೋಡಿದರು. ಕಮಕ್ ಕಿಮಕ್ ಅನ್ನಲಿಲ್ಲ.

ಆ ಸಂಜೆ ನಾದಿನಿ ಅಕ್ಕನನ್ನು ಕೈಹಿಡಿದು ಕರೆತಂದಳು. ಮಾಸ್ಟ್ರು ಎಲ್ಲರಿಗೂ ಕೇಳುವಂತೆ ಮುಷ್ಟಿಯಿಂದ ನೆಲ ಗುದ್ದಿ ತೋರಿಸಿದರು. ಆಕೆ ಬಹಳ ಹೊತ್ತು ನೋಡಿ, ಹತ್ತಿ ಕೂತಳು. ಆದರೆ ಕಾಲು ಕೆಳಗಿಡಲಿಲ್ಲ. ಎರಡೂ ಕಾಲು ಸೀಟಿನ ಮೇಲೆ ಮಡಚಿ, ಮೊಣಕಾಲು ಅಪ್ಪಿಕೊಂಡು ಕೂತಳು.

ಮಾಸ್ಟ್ರು ಗಾಡಿ ಬಿಟ್ಟರು. ಪಾರ್ಕಿನ ತಿರುವಿನಲ್ಲಿ ಆಕೆ ಅವರತ್ತ ಬಾಗಿ ಹೇಳಿದಳು.

"ಡ್ರೈವರ್ರೇ, ಇಲ್ಲಿ ತೂತಿದೆ, ಹುಷಾರು. ನಮ್ಮೆಜಮಾನ್ರು ರಿಪೇರಿ ಮಾಡ್ತೀನಿ ಅಂದಿದ್ದಾರೆ."

ಎಲ್ಲ ಮರೆತ ಆಕೆ ತೂತನ್ನು ಮರೆತಿರಲಿಲ್ಲ. ಮಾಸ್ಟ್ರು ವೇಗ ತಗ್ಗಿಸಿ, ತಿರುವನ್ನು ಮೆಲ್ಲಗೆ ದಾಟಿಸಿದರು.

"ಮಾಡ್ತಾರೆ ಬಿಡೀಮ್ಮಾ" ಎಂದರು. "ಅಲ್ಲೀವರೆಗೂ ಕಾಲು ಮೇಲೇ ಇರ್ಲಿ."

ಮನೆ ಬಂತು. ಆಕೆ ನಗುತ್ತಲೇ ಇಳಿದಳು. ಹಿಂದೆಯೇ ಮಾಸ್ಟ್ರು ಹೊಸ್ತಿಲು ದಾಟಿದಾಗ ನಗು ಮಾಯವಾಯಿತು. ಒಳಗೆ ಕಾದಿದ್ದ ತಂಗಿಯ ಬೆನ್ನ ಹಿಂದೆ ಸರಿದು, ಡ್ರೈವರು ಒಳಗೇ ಬರ್ತಿದ್ದಾನೆ, ಇವರು ಮನೇಲಿಲ್ಲ, ಹೊರಗೆ ಕಳಿಸು ಎಂದು ನಡುಗತೊಡಗಿದಳು. ಆಕೆ ನಿದ್ದೆಹೋಗುವವರೆಗೆ ಮಾಸ್ಟ್ರು ಶೆಡ್ಡಿನಲ್ಲಿ ಕೂತಿದ್ದರು. ಮಾರನೆಯ ಸಂಜೆಯೂ ಅದೇ. ಅದರ ಮಾರನೆಯ ದಿನ ನಾದಿನಿ ಏನೂ ಕೇಳದಿದ್ದರೂ ಅವರೇ ಹೇಳಿದರು: "ಆ ಜಾಗಕ್ಕೆ ಫೋನ್ ಮಾಡಿಬಿಡಮ್ಮ. ನಾನೇ ಕರ್ಕೊಂಡು ಹೋಗ್ತೀನಿ. ಈ ಗಾಡೀಲೇ."

ಹೋಗುವ ಸಂಜೆಯೂ ಆಕೆ ಕೈಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಲೇ ಇದ್ದಳು. ಪಾರ್ಕು ಸುತ್ತುವ ಬದಲು ಮಾಸ್ಟ್ರು ನೇರ ಹೋದರು. ಎತ್ತರದ ಗೋಡೆ, ಹಸಿರು ಗೇಟು, ಬಾಗಿಲಲ್ಲಿ ದೀಪ. ನಿಲ್ಲಿಸಿ, ಸ್ಟೀರಿಂಗ್ ಬಿಡದೆ ಹೇಳಿದರು.

"ಬಂತು ನೋಡೀಮ್ಮಾ, ಮನೆ."

ಆಕೆ ಮಡಚಿದ ಕಾಲುಗಳನ್ನು ನೆಲಕ್ಕೆ ತಾಗಿಸದೆ, ನೇರ ಹೊರಕ್ಕೆ ಚಾಚಿ ಇಳಿದಳು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಉಸ್ಸಪ್ಪಾ ಎಂದು ಒಳಗೆ ಹೋದಳು.

ಮಾಸ್ಟ್ರು ಪಕ್ಕದ ಸೀಟಿನ ಬಾಗಿಲು ಮುಚ್ಚಲು ಬಗ್ಗಿದರು. ಹೊಸ ನೆಲದ ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ.