ಸಕ್ಕರೆ ಹಾಕದ ಸಿಹಿ

ನನ್ನ ಹೆಂಡತಿ ಲಲಿತ ತೀರಿಕೊಂಡು ಎರಡು ತಿಂಗಳಾಗಿರಲಿಲ್ಲ. ಆಗಲೇ ನಾನು ಮನೆಯಲ್ಲಿ ಒಬ್ಬನೇ ಕುಳಿತು ಸಕ್ಕರೆ ಪಾನಕ ಕುಡಿಯುತ್ತಿದ್ದೇನೆ ಎಂದು ಇಳಕಲ್ಲಿನ ನಮ್ಮ ಓಣಿ ತೀರ್ಮಾನಿಸಿಬಿಟ್ಟಿತು.

ನನ್ನ ಹುಟ್ಟೂರು ಗುಬ್ಬಿಯ ಕಡೆಯವರಿಗೆ ಇದೊಂದು ಆಪಾದನೆ ಎಂದೇ ಅನ್ನಿಸಲಿಕ್ಕಿಲ್ಲ. ಇಲ್ಲಿ ಹಾಗಲ್ಲ. ಸಾವಾದ ಮನೆಗೆ ನಂಟರು ಬಂದು ಬಾಯಿ ಸಿಹಿ ಮಾಡಿಸಬೇಕು. ಅಲ್ಲಿಯವರೆಗೆ ಆ ಮನೆಯವರು ಸಿಹಿ ಮಾಡುವಂತಿಲ್ಲ, ತಿನ್ನುವಂತಿಲ್ಲ, ಹಬ್ಬ ಬಂದರೂ ನೆರೆಯವರು ಸಿಹಿ ಕೊಡುವಂತಿಲ್ಲ. ಚಹಾಕ್ಕೆ ಹಾಕುವ ಸಕ್ಕರೆ ಮಾತ್ರ ಲೆಕ್ಕಕ್ಕಿಲ್ಲ. ಯಾಕೆ ಎಂದು ಕೇಳಿದೆ. "ಅದು ಚಾ ಅಲ್ಲೇನ್ರಿ" ಎಂದರು. ಅದೇ ಉತ್ತರ.

ಎಪ್ಪತ್ತರ ದಶಕದ ಕೊನೆಯಲ್ಲಿ ಕರೆಂಟಿನ ಇಲಾಖೆಯ ಲೈನ್‌ಮನ್ ಆಗಿ ನಾನು ಈ ಕಡೆಗೆ ಬಂದೆ. ಹುನಗುಂದದಲ್ಲಿ ಮನೆ ಸಿಗದೆ ಇಳಕಲ್ಲಿನಲ್ಲಿ ಗಂಗವ್ವನ ಮನೆಯ ಅರ್ಧ ಭಾಗ ಬಾಡಿಗೆಗೆ ಹಿಡಿದೆವು. ಮೇಲೆ ಮಣ್ಣಿನ ಮಾಳಿಗೆ, ಗೋಡೆಯಾಚೆ ಮಗ್ಗದ ಸದ್ದು. ಗಂಗವ್ವ ಗಂಡ ಸತ್ತ ಹೆಂಗಸು. ಅಂಗಳದಲ್ಲಿ ರಾಟಿ ಹಾಕಿಕೊಂಡು ನೇಕಾರರಿಗೆ ನೂಲು ಸುತ್ತಿಕೊಡುತ್ತಿದ್ದಳು. ಓಣಿಯಲ್ಲಿ ಯಾರು ಬಂದರು, ಯಾರು ಹೋದರು ಎನ್ನುವುದೆಲ್ಲ ಆ ರಾಟಿಯ ಮುಂದೆಯೇ ಹಾದು ಹೋಗಬೇಕು.

ನಮ್ಮ ಕಡೆ ಮನೆಗೆ ಬಂದವರನ್ನು "ಕಾಫಿ ಆಯ್ತಾ?" ಎಂದು ಕೇಳುತ್ತೇವೆ. ಆಯ್ತು ಎಂದರೆ ವಿಷಯ ಮುಗಿಯಿತು. ಇಲ್ಲಿ ಯಾರೂ ಕೇಳುವುದಿಲ್ಲ, ಚಹಾ ತಂದು ಮುಂದೆ ಇಡುತ್ತಾರೆ. ಬೇಡ ಎಂದರೆ ಚಹಾವನ್ನಲ್ಲ, ಕೊಟ್ಟವರನ್ನೇ ಬೇಡ ಎಂದ ಹಾಗೆ. ಕಂಬ ಹತ್ತಿ ಇಳಿದರೆ ಚಹಾ, ಫ್ಯೂಸ್ ಹಾಕಿದರೆ ಚಹಾ. ಬಾಗಲಕೋಟೆಯ ಕಚೇರಿಗೆ ಹೋದರೂ, ಬಾದಾಮಿಯ ಲೈನಿಗೆ ಹೋದರೂ ಇದೇ ಕಥೆ. ಲಲಿತಳಿಗೆ ಚಹಾ ಆಗುತ್ತಿರಲಿಲ್ಲ. ಎರಡು ಗುಟುಕು ಕುಡಿದರೆ ಎದೆ ಢವಢವ ಎನ್ನುತ್ತಿತ್ತು, ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ. ಅದನ್ನು ಓಣಿಯ ಒಬ್ಬೊಬ್ಬರಿಗೂ ವಿವರಿಸಿ ಅವಳು ಸೋತುಹೋಗಿದ್ದಳು. ಕೊನೆಗೆ ತನ್ನ ಕಷಾಯವನ್ನು ಲೋಟದಲ್ಲಿ ಹಿಡಿದುಕೊಂಡೇ ಅವರ ಮನೆಗಳಿಗೆ ಹೋಗತೊಡಗಿದಳು.

ಆ ಕಷಾಯ ಬಹಳ ಸುಲಭ. ಒಂದು ತುಂಡು ಜ್ಯೇಷ್ಠಮಧುವಿನ ಬೇರನ್ನು ಕಲ್ಲಿನಲ್ಲಿ ಜಜ್ಜಿ, ಒಂದು ಚಿಟಿಕೆ ಸೋಂಪು ಸೇರಿಸಿ ಕುದಿಸುವುದು, ಅಷ್ಟೆ. ಸೋಂಪಿಗೆ ಇಲ್ಲಿ ಬಡಿಸೋಪು ಎನ್ನುತ್ತಾರೆ. ಸಕ್ಕರೆ ಬೇಡ, ಬೆಲ್ಲ ಬೇಡ, ಹಾಲು ಬೇಡ. ಬಣ್ಣ ಒಣಹುಲ್ಲಿನದು. ಬಾಯಿಗೆ ಹಾಕಿಕೊಂಡಾಗ ಬಿಸಿ ನೀರೇ ಅನ್ನಿಸುತ್ತದೆ. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಿಂದ ನಿಧಾನವಾಗಿ ಸಿಹಿ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಅವಳು ಹೋದ ಮೇಲೆ ಸಂಜೆ ಕೆಲಸದಿಂದ ಬಂದು ಅದನ್ನು ಮಾಡಿಕೊಂಡು ಕುಡಿಯುವುದೊಂದೇ ನನಗೆ ದಿನದಲ್ಲಿ ಬೇಕೆನಿಸುವ ಕೆಲಸವಾಗಿತ್ತು.

ಆ ಬೇರನ್ನು ಕೊಳ್ಳುವುದೇ ಒಂದು ರಗಳೆ. ಅಂಗಡಿಯವನು ತಕ್ಕಡಿ ಎತ್ತುವ ಮೊದಲೇ ಕೇಳುತ್ತಾನೆ.

"ಕೆಮ್ಮು ಯಾರಿಗ್ರಿ?"

"ಯಾರಿಗೂ ಇಲ್ಲ. ಕುಡಿಯೋಕೆ."

"ಕೆಮ್ಮು ಇಲ್ಲಂದ್ರ ಯಾಕ ಕುಡೀತೀರಿ? ಡಾಕ್ಟರಿಗೆ ತೋರಿಸ್ರಿ."

ಮುಂದಿನ ಸಲ ನನಗೇ ಕೆಮ್ಮು ಎಂದುಬಿಟ್ಟೆ. ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೆಮ್ಮು ಹೇಗಿದೆ ಎಂದು ವಿಚಾರಿಸಲು ಶುರುಮಾಡಿದ.

ಲಲಿತ ಹೋದದ್ದು ಬೇಸಿಗೆಯಲ್ಲಿ, ಕಾಮಾಲೆಯಿಂದ. ಇಲ್ಲಿಯೇ ಮಣ್ಣು ಮಾಡಿದೆವು. ತಿಥಿಯನ್ನು ಮಾತ್ರ ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿ ಮಾಡಿದೆವು. ಹನ್ನೊಂದನೆಯ ದಿನ ವಡೆ, ಪಾಯಸ ಬಡಿಸಿದರು. ಎಲ್ಲರೂ ಉಂಡರು, ನಾನೂ ಉಂಡೆ. ನಮ್ಮ ಕಡೆಯ ರೀತಿಯಲ್ಲಿ ಅಲ್ಲಿಗೆ ಮುಗಿಯಿತು. ಆದರೆ ಇಳಕಲ್ಲಿಗೆ ಮರಳಿ ಬೀಗ ತೆಗೆಯುವಷ್ಟರಲ್ಲಿ ಗಂಗವ್ವ ಕೇಳಿದಳು.

"ನಿನ್ನ ಮಂದಿ ಯಾವಾಗ ಬರ್ತಾರಪಾ, ಬಾಯಿ ಸಿಹಿ ಮಾಡಾಕ?"

"ಅದೆಲ್ಲ ಊರಲ್ಲೇ ಆಯ್ತಮ್ಮ."

"ಅಲ್ಲಿ ಆದ್ರ ಅಲ್ಲಿ ಆತು. ಆಕಿ ಸತ್ತಿದ್ದು ಈ ಮನ್ಯಾಗ. ಮನಿ ಇನ್ನಾ ಹಂಗ ಐತಿ."

ಅಣ್ಣನಿಗೆ ಟ್ರಂಕ್ ಕಾಲ್ ಮಾಡಿದೆ. "ಅವರ ಶಾಸ್ತ್ರ ನಮಗ್ಯಾಕೋ? ಅಷ್ಟು ದೂರ ಬಂದು ಸಕ್ಕರೆ ತಿನ್ನಿಸಬೇಕಾ? ವರ್ಗ ಮಾಡಿಸಿಕೊಂಡು ಇಲ್ಲಿಗೇ ಬಂದುಬಿಡು" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಂಗವ್ವ ಹೇಳಿದ್ದರಲ್ಲೂ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅದಕ್ಕೇ ಇಬ್ಬರ ಮೇಲೂ ಸಿಟ್ಟು ಬಂತು.

ಹೀಗಿರುವಾಗ ಒಂದು ಸಂಜೆ ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಷ್ಟರಲ್ಲಿ ನನ್ನ ಜೊತೆ ಕೆಲಸ ಮಾಡುವ ಸಂಗಪ್ಪ ಬಂದು, ನನ್ನ ಲೋಟವನ್ನು ಚಹಾ ಎಂದುಕೊಂಡು ಎತ್ತಿ ಕುಡಿದ. ಅವನೂ ಇದೇ ಓಣಿಯವನು.

"ಲೇ, ಇದರಾಗ ಎಷ್ಟ ಸಕ್ರಿ ಸುರದೀಯೋ ಮಾರಾಯ!"

"ಒಂದು ಕಾಳೂ ಹಾಕಿಲ್ಲ."

"ಹಾಕಲಾರ್ದ ಸಿಹಿ ಹೆಂಗಾತು? ದೇವ್ರ ಬಂದು ಹಾಕಿ ಹೋದ್ನೇನು?"

ಅವನು ನಗುತ್ತಲೇ ಹೋದ. ಆ ನಗು ರಾಟಿಯ ಮುಂದೆ ಹಾದು ಹೋಗುವಷ್ಟರಲ್ಲಿ ಸುದ್ದಿಯಾಯಿತು. ಮರುದಿನ ನಲ್ಲಿಯ ಹತ್ತಿರ ಹೆಂಗಸರ ಮಾತು ನಾನು ಬಂದೊಡನೆ ನಿಂತಿತು. ನಾನು ಲಲಿತಳನ್ನು ಇಷ್ಟು ಬೇಗ ಮರೆತೆ ಎಂದು ಅವರು ತಿಳಿದರು. ಬೇರೆ ಏನೆಂದಿದ್ದರೂ ಸಹಿಸುತ್ತಿದ್ದೆ. ಇದೊಂದನ್ನು ಸಹಿಸಲಾಗಲಿಲ್ಲ. ಒಂದು ಬೇರಿನ ತುಂಡು ಹಿಡಿದು ನೇರ ಗಂಗವ್ವನ ಮುಂದೆ ನಿಂತೆ.

"ಇದನ್ನ ಅಗಿದು ನೋಡಿ. ಸಕ್ಕರೆ ಇದೆಯಾ ಹೇಳಿ."

ಅವಳು ರಾಟಿ ನಿಲ್ಲಿಸಿ, ದವಡೆಯಲ್ಲಿ ಉಳಿದಿದ್ದ ಹಲ್ಲುಗಳಲ್ಲಿ ಬಹಳ ಹೊತ್ತು ಅಗಿದಳು. "ಅಯ್ಯ ಶಿವನ! ಕಟಗಿ ಸಿಹಿ ಐತಲ್ಲೋ!"

"ನೋಡಿದಿರಾ? ನಾನು ಸಕ್ಕರೆ ಹಾಕಿಲ್ಲ."

"ಹೌದಪಾ, ಸಕ್ರಿ ಅಲ್ಲ. ಖರೆ." ಸ್ವಲ್ಪ ಯೋಚಿಸಿ, "ಆದ್ರ ಸಿಹಿ ಸಿಹೀನ ಅಲ್ಲೇನು?" ಎಂದಳು.

ಇವರ ಜೊತೆ ವಾದ ಮಾಡುವುದಕ್ಕಿಂತ ಹತ್ತು ಕಂಬ ಹತ್ತಿ ಇಳಿಯುವುದು ವಾಸಿ ಎಂದುಕೊಂಡು ಒಳಗೆ ಬಂದೆ. ಕಷಾಯ ಕುಡಿಯುವುದನ್ನು ಮಾತ್ರ ಬಿಡಲಿಲ್ಲ. ಬಾಗಿಲು ಹಾಕಿಕೊಂಡು ಕುಡಿದೆ.

ಶ್ರಾವಣ ಬಂತು. ಈ ಕಡೆಗೆ ನಾಗರ ಪಂಚಮಿ ದೊಡ್ಡ ಹಬ್ಬ. ನಮ್ಮಲ್ಲಿ ಹುತ್ತಕ್ಕೆ ಹಾಲೆರೆದು ಬಂದರೆ ಆಯಿತು. ಇಲ್ಲಿ ಮನೆಮನೆಯಲ್ಲೂ ಉಂಡೆ ಕಟ್ಟುತ್ತಾರೆ. ಶೇಂಗಾ, ಎಳ್ಳು, ಹಿಟ್ಟು ಎಂದು ಹಲವು ಬಗೆ. ತಟ್ಟೆಗಳು ಓಣಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತವೆ. ನನ್ನ ಮನೆಗೆ ಬರುವಂತಿರಲಿಲ್ಲ. ನನಗೆ ಉಂಡೆ ಬೇಕಿರಲಿಲ್ಲ ಎನ್ನುವುದು ನಿಜ. ಆದರೂ ಬಾಗಿಲ ಮುಂದೆ ಬಳೆಯ ಸದ್ದು ಬಂದು, ನಿಲ್ಲದೆ ಮುಂದೆ ಹೋದಾಗಲೆಲ್ಲ ಕಿವಿ ಅತ್ತಲೇ ಹೋಗುತ್ತಿತ್ತು. ಇಷ್ಟು ವರ್ಷ ಇದ್ದ ಓಣಿಯಲ್ಲಿ ನನ್ನದೊಂದು ಮನೆ ಲೆಕ್ಕಕ್ಕೆ ಇಲ್ಲದಂತೆ ಆಗಿತ್ತು. ವರ್ಗ ಕೇಳಿಬಿಡೋಣ ಎಂದು ಆ ಮಧ್ಯಾಹ್ನವೇ ನಿರ್ಧರಿಸಿದೆ. ಸ್ಟವ್ ಹಚ್ಚಿ ನೀರಿಟ್ಟೆ.

ಕಷಾಯ ಸೋಸುತ್ತಿದ್ದಾಗ ಗಂಗವ್ವ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮುಷ್ಟಿ ಬಿಗಿದಿತ್ತು.

"ನಿನ್ನ ಮಂದಿ ಹಾದಿ ನೋಡಿ ನೋಡಿ ಕಣ್ಣ ಬಿದ್ದು ಹೋದ್ವು. ಬರ್ಲಿಲ್ಲ. ಇನ್ನೆಷ್ಟ ದಿನಾ ಅಂತ ಕುಂದ್ರೂದು?"

"ನಾನು ಕುಡಿಯೋದೇ ಸಿಹಿ ಅಂತೀರಲ್ಲ. ಮತ್ತೆ ಇನ್ನೇನು ಬಾಕಿ?" ಎಂದೆ. ಸಿಟ್ಟಿನಲ್ಲೇ ಅಂದದ್ದು.

"ಅದ ಹೇಳಾಕ ಬಂದೀನಿ. ತನ್ನ ಕೈಯಾರ ತಾನ ಮಾಡ್ಕೊಂಡಿದ್ದು ಲೆಕ್ಕಕ್ಕಿಲ್ಲ ತಮ್ಮಾ. ಮತ್ತೊಬ್ರ ಹಾಕಬೇಕು. ನನ್ನ ಗಂಡ ಹೋದಾಗ ನನಗೂ ಹಿಂಗ ಹಾಕಿದ್ರು."

ಬೇಡ ಎನ್ನುವ ಮೊದಲೇ ಮುಷ್ಟಿಯಲ್ಲಿದ್ದ ಸಕ್ಕರೆಯನ್ನೆಲ್ಲ ನನ್ನ ಲೋಟಕ್ಕೆ ಸುರಿದಳು. ಚಮಚ ಹುಡುಕಿದಳು, ಸಿಗಲಿಲ್ಲ. ಸೌಟಿನ ಹಿಡಿಯಿಂದ ತಿರುವಿದಳು.

"ಕುಡಿ."

ಲಲಿತಳ ಕಷಾಯ ಪೂರ್ತಿ ಕೆಟ್ಟುಹೋಗಿತ್ತು. ಕೊನೆಯಲ್ಲಿ ಮೆಲ್ಲಗೆ ಬರುವ ಸಿಹಿ ಎಲ್ಲೂ ಇರಲಿಲ್ಲ. ಮೊದಲ ಗುಟುಕಿಗೇ ಮುಖ ಕಟ್ಟಿತು. ಅಷ್ಟು ಕೆಟ್ಟದ್ದನ್ನು ನಾನು ಈ ಊರಿನ ಯಾವ ಚಹಾದಂಗಡಿಯಲ್ಲೂ ಕುಡಿದಿಲ್ಲ. ಗಂಗವ್ವ ಎದುರಿಗೆ ನಿಂತು, ಔಷಧಿ ಕುಡಿಸುವವಳಂತೆ ಲೋಟದ ತಳವನ್ನೇ ನೋಡುತ್ತಿದ್ದಳು. ಅರ್ಧ ಕುಡಿಯುವಷ್ಟರಲ್ಲಿ ನನಗೆ ಅಳು ಬಂತು. ಗುಬ್ಬಿಯಲ್ಲಿ ಪಾಯಸದ ಎಲೆಯ ಮುಂದೆ ಕುಳಿತಾಗ ಬಂದಿರಲಿಲ್ಲ. ಅವಳು ಸಮಾಧಾನ ಹೇಳಲಿಲ್ಲ. "ತಳದಾಗ ಸಕ್ರಿ ಉಳಿದೈತಿ ನೋಡು" ಎಂದಳು. ಅದನ್ನೂ ಕುಡಿದೆ.

ಅವಳು ಹೊರಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಆತವ್ವಾ, ಕೊಡ್ರಿನ್ನ!" ಕತ್ತಲಾಗುವ ಮೊದಲೇ ನನ್ನ ಕಟ್ಟೆಯ ಮೇಲೆ ತಟ್ಟೆಗಳು ಬಂದು ಕುಳಿತವು. ನಾನೊಬ್ಬನೇ ಎಷ್ಟು ತಿನ್ನಲಿ? ಅದನ್ನು ಯಾರೂ ಯೋಚಿಸಿರಲಿಲ್ಲ.

ವರ್ಗ ಕೇಳಲಿಲ್ಲ. ಗೌರಿ ಹಬ್ಬಕ್ಕೆ ಗುಬ್ಬಿಗೆ ಹೋದಾಗ ಉಳಿದ ಉಂಡೆಗಳನ್ನು ಒಯ್ದಿದ್ದೆ. ಅಣ್ಣ ಒಂದನ್ನು ಮುರಿದು, "ಪರವಾಗಿಲ್ಲ ಕಣೋ ನಿಮ್ಮ ಕಡೆಯದು" ಎಂದ. ನಮ್ಮ ಕಡೆ ಯಾವುದು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅತ್ತಿಗೆ ಎಲ್ಲರಿಗೂ ಕಾಫಿ ತಂದಳು. ನನ್ನನ್ನು ಮಾತ್ರ ಕೇಳಿದಳು, "ನಿಮಗೆ ಚಹಾ ಮಾಡಲಾ?"