ಅಳಿಸಲಾಗದ ಮೊದಲ ಗಿರಾಕಿ

ಇವತ್ತು ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ದೇವರನ್ನು ಅಳಿಸಲು ಹೋಗಿ ಬೈಸಿಕೊಂಡೆ, ಗೆಳೆಯರೇ.

ಗಿರಣಿಗೆ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಪರೀಕ್ಷೆಗೆಂದು ತುಂಬಿದ ಹೆಸರುಗಳನ್ನೆಲ್ಲ ಅಳಿಸಿಯೇ ಕೆಲಸ ಒಪ್ಪಿಸಬೇಕು ಎಂಬುದು ನಮ್ಮ ಕಸುಬಿನ ನಿಯಮ. ಆದರೆ ಸಾಹುಕಾರ ಶರಣಪ್ಪನವರು ಹೋದ ವಾರ ಪರೀಕ್ಷೆಗೆ ಕೂತಾಗ, ಹೊಸ ಖಾತೆ ಪುಸ್ತಕ ತೆರೆದವರಂತೆ ಮೊದಲು ದೇವರ ಹೆಸರನ್ನೇ ಬರೆದಿದ್ದರು. ಗಿರಾಕಿ: ಶ್ರೀ ಮಲ್ಲಿಕಾರ್ಜುನ ಸ್ವಾಮಿ. ಊರು: ಶ್ರೀಶೈಲ. ಭತ್ತ: ಒಂದು ಚೀಲ. ಇವತ್ತು ಅದನ್ನು ಅಳಿಸಲು ಕೂತಾಗ ಸಾಹುಕಾರರು ಪಕ್ಕಕ್ಕೆ ಬಂದು ನಿಂತರು.

"ಏನ್ ಮಾಡಾಕತ್ತೀಯಪಾ?"

"ಡಿಲೀಟ್ ಮಾಡಾಕತ್ತೀನ್ರಿ. ಟೆಸ್ಟಿಂಗ್ ಮುಗೀತಲ್ರಿ."

"ದೇವ್ರನ್ನ ಡಿಲೀಟ್ ಮಾಡ್ತೀ? ಅದೂ ಸೋಮವಾರ?"

"ನಿಯಮ ಅದರೀ ಯಪ್ಪಾ."

"ಉಳಿದವ್ರನ್ನ ಬೇಕಾದ್ರ ಅಳಿಸು. ದೇವ್ರು ಹೋದ್ರ ನಾ ಸಹಿ ಮಾಡಂಗಿಲ್ಲ ನೋಡು."

ಅವರ ಸಹಿ ಇಲ್ಲದೆ ನನ್ನ ಮೂರು ತಿಂಗಳ ಕೆಲಸ ಮುಗಿಯುವುದಿಲ್ಲ. ದೇವರನ್ನು ಅಲ್ಲೇ ಬಿಟ್ಟು, ಸಹಿ ಹಾಕಿಸಿಕೊಂಡು ರಾಯಚೂರಿನ ಬಸ್ ಹತ್ತಿದೆ.

ಅರ್ಧ ದಾರಿಯಲ್ಲಿ ಮೊಬೈಲಿಗೆ ಸಂದೇಶ ಬಂತು: "ಶ್ರೀ ಮಲ್ಲಿಕಾರ್ಜುನ ಸ್ವಾಮಿ ಅವರೇ, ನಿಮ್ಮ ಅಕ್ಕಿ ಸಿದ್ಧವಾಗಿದೆ. ಆಧಾರ್ ಕಾರ್ಡ್ ತೋರಿಸಿ ಒಯ್ಯಿರಿ."

ಸಾಹುಕಾರರಿಗೆ ಫೋನ್ ಮಾಡಿದೆ.

"ಮೊಬೈಲ್ ನಂಬರ್ ಹಾಕದಿದ್ರ ನಿನ್ನ ಕಂಪ್ಯೂಟರ್ ಮುಂದಕ್ಕ ಹೋಗವಲ್ದಾಗಿತ್ತು. ದೇವ್ರ ನಂಬರ್ ನಾ ಎಲ್ಲಿಂದ ತರ್ಲಿ? ನಿನ್ನ ನಂಬರ್ರ ಹಾಕೀನಿ."

ನಂಬರ್ ಕಡ್ಡಾಯ, ಆಧಾರ್ ಕಡ್ಡಾಯ ಎಂದು ಬರೆದವನು ನಾನೇ. ಅಕ್ಕಿ ಒಯ್ಯುವವರೆಗೆ ಗಿರಾಕಿಗೆ ದಿನಾ ಮೂರು ಸಲ ನೆನಪಿಸಬೇಕು ಎಂದು ಬರೆದವನೂ ನಾನೇ.