ಕಿವಿ ಮೇಸ್ತ್ರಿಗೆ ಸಿಗದ ಗಾಡಿಯ ರೋಗ

ಬೀದಿಯವರೆಲ್ಲ ಅವನನ್ನು ಕಿವಿ ಮೇಸ್ತ್ರಿ ಅನ್ನುತ್ತಿದ್ದರು. ಬಾನೆಟ್ ಎತ್ತುವ ಮೊದಲೇ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಅಕ್ಕ ಮಾತ್ರ ನಗುತ್ತಿದ್ದಳು: "ಗಾಡಿಗಳೆಲ್ಲ ಇವನ ಹತ್ರ ಗುಟ್ಟು ಹೇಳ್ತಾವೆ. ನಾನು ಉಪ್ಪು ತಾ ಅಂತ ಮೂರು ಸಲ ಕೂಗಿದ್ರೂ ಕೇಳಿಸಲ್ಲ."

ಅವನನ್ನು ಸಾಕಿದವಳು ಆ ಅಕ್ಕನೇ. ಅಪ್ಪ ಅಮ್ಮ ಹೋದಾಗ ಅವನಿಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟು, ಕಂಡವರ ಅಂಗಿಗಳ ಸುಕ್ಕು ತೆಗೆಯುತ್ತ, ತನ್ನ ಮದುವೆಯ ವಯಸ್ಸನ್ನು ಮಡಿಸಿ ಎತ್ತಿಟ್ಟಳು. ಮೊನ್ನೆ ಮೊನ್ನೆ, ಅರವತ್ತೇಳರಲ್ಲಿ, ಒಂದು ಬೆಳಿಗ್ಗೆ ಅವಳ ಬಲಗೈ ಇಸ್ತ್ರಿಪೆಟ್ಟಿಗೆಯ ಹಿಡಿ ಬಿಟ್ಟಿತು. ಪಾರ್ಶ್ವವಾಯು. ಮಾತು ಬೇಗ ಮರಳಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಬೆರಳುಗಳು ಮುಷ್ಟಿಯಾಗಿ ಬಿಗಿದುಕೊಂಡವು ಬಿಗಿದುಕೊಂಡವೇ.

"ಮೊದಲ ಆರು ತಿಂಗಳೇ ಮುಖ್ಯ," ಅಂದಳು ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವಾಕೆ. "ವಾರಕ್ಕೆರಡು ಸಲ ತಪ್ಪದೆ ಕರ್ಕೊಂಡು ಬನ್ನಿ. ಬಿಟ್ರೆ ಈ ಮುಷ್ಟಿ ಹೀಗೇ ಉಳಿದುಬಿಡುತ್ತೆ."

ಊರಿನ ಗಾಡಿಗಳನ್ನೆಲ್ಲ ಓಡಿಸಿಕೊಟ್ಟವನಿಗೆ ಸ್ವಂತಕ್ಕಿದ್ದದ್ದು ಒಂದು ಹಳೇ ಸ್ಕೂಟರ್. ಆಗ ಮುಂದೆ ಬಂದವನು ಎದುರುಮನೆಯ ಬೈಂಡರ್. ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕಸುಬು. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಎಷ್ಟೋ ಮಧ್ಯಾಹ್ನ ಅವನೂ ಅಕ್ಕನ ಕೈಯಡುಗೆ ಉಂಡವನೇ.

"ನನ್ನ ಕಾರು ಇರೋದು ಯಾತಕ್ಕೆ ಕಣೋ? ಅಕ್ಕ ನಿನಗೊಬ್ಬನಿಗೇನಾ ಅಕ್ಕ? ನೀನು ನಿನ್ನ ರಿಪೇರಿ ಅಂಗಡಿ ನೋಡ್ಕೋ. ನಾನು ಕರ್ಕೊಂಡು ಹೋಗ್ತೀನಿ."

ಮೂರು ವಾರ ಹೇಳಿದ ಹಾಗೇ ನಡೆಯಿತು. ಅಕ್ಕನ ಹೆಬ್ಬೆರಳು ಮುಷ್ಟಿಯಿಂದ ಬಿಡಿಸಿಕೊಂಡು ಸ್ವಲ್ಪ ಹೊರಬಂತು. ಅದನ್ನು ಅವಳು ಬಂದವರಿಗೆಲ್ಲ ತೋರಿಸಿದಳು.

ನಾಲ್ಕನೇ ವಾರ ಗಾಡಿ ಕೈಕೊಟ್ಟಿತು. ಬೈಂಡರ್ ಮೇಸ್ತ್ರಿಯ ಅಂಗಡಿಗೆ ಫೋನ್ ಮಾಡಿದ: "ಕೀ ತಿರುಗಿಸಿದ್ರೆ ಎಂಜಿನ್ ಗರಗರ ಸುತ್ತುತ್ತೆ ಕಣೋ, ಹತ್ತಿಕೊಳ್ಳಲ್ಲ." ಮೇಸ್ತ್ರಿ ಪಾನೆ ಪೆಟ್ಟಿಗೆ ಹೊತ್ತು ಸ್ಕೂಟರಿನಲ್ಲಿ ಓಡಿಬರುವಷ್ಟರಲ್ಲಿ ಗಾಡಿ ಒಂದೇ ಏಟಿಗೆ ಹತ್ತಿಕೊಂಡಿತು. ಆದರೆ ಆಸ್ಪತ್ರೆಯ ಹೊತ್ತು ಮೀರಿತ್ತು.

ಆಮೇಲೆ ಅದೇ ಕಥೆ. ಒಂದು ವಾರ ಸರಿ, ಇನ್ನೊಂದು ವಾರ ಇಲ್ಲ. ಎಂಜಿನ್ ಸುತ್ತುತ್ತದೆ ಅಂದಮೇಲೆ ಬ್ಯಾಟರಿಯ ತಪ್ಪಲ್ಲ. ಪ್ಲಗ್ ಬಿಚ್ಚಿ ನೋಡಿದ, ಕಿಡಿ ನೀಲಿಯಾಗಿ ಹಾರಿತು. ಹಾಗಾದರೆ ಪೆಟ್ರೋಲ್. ಟ್ಯಾಂಕಿನೊಳಗಿನ ಪಂಪು ಕೀ ತಿರುಗಿಸಿದೊಡನೆ ಎರಡು ಸೆಕೆಂಡು ಗುಂಯ್ ಅನ್ನಬೇಕು. ಹಿಂದಿನ ಸೀಟಿಗೆ ಕಿವಿಯಿಟ್ಟ, ಗುಂಯ್ ಅಂದಿತು. ಅವನೆದುರು ಆ ಗಾಡಿ ಎಲ್ಲವನ್ನೂ ಸರಿಯಾಗಿ ಒಪ್ಪಿಸುತ್ತಿತ್ತು, ಪರೀಕ್ಷೆಗೆ ಬಂದ ಮೇಷ್ಟ್ರ ಮುಂದೆ ಪಾಠ ಒಪ್ಪಿಸಿದ ಹಾಗೆ.

ಕೊನೆಗೆ ಒಂದು ಉಪಾಯ ಮಾಡಿದ. ಪಂಪಿಗೆ ಹೋಗುವ ವೈರಿಗೆ ಟ್ಯಾಂಕಿನ ಹತ್ತಿರವೇ ಪುಟ್ಟ ಬಲ್ಬು ಸಿಕ್ಕಿಸಿ, ಉದ್ದ ವೈರಿನಲ್ಲಿ ಸ್ಟೀರಿಂಗಿನ ಪಕ್ಕಕ್ಕೆ ತಂದು ಕಟ್ಟಿದ. "ಮುಂದಿನ ಸಲ ಹತ್ತಿಕೊಳ್ಳದಿದ್ರೆ ಇದನ್ನ ನೋಡು. ಬಲ್ಬು ಉರಿದರೆ ಪಂಪು ಕೆಟ್ಟಿದೆ. ಉರಿಯದಿದ್ರೆ ಕರೆಂಟು ನಡುವೆ ಎಲ್ಲೋ ನಿಂತಿದೆ."

ಮುಂದಿನ ಸಲ ಬೈಂಡರ್ ಹೇಳಿದ: "ಉರೀತಿತ್ತು."

ಮೇಸ್ತ್ರಿ ಪಂಪು ಬದಲಿಸಿದ. ಮತ್ತೆ ಕೈಕೊಟ್ಟಿತು. "ಬಲ್ಬು?" "ಉರೀತಿತ್ತು ಕಣೋ." ಎರಡನೇ ಪಂಪು ಹಾಕಿದ. ಮತ್ತದೇ. ಅಂಗಡಿಗೆ ಬಂದ ಗಿರಾಕಿಯೊಬ್ಬರಿಗೆ, "ಬೇರೆ ಕಡೆ ತೋರಿಸಿ ಸ್ವಾಮಿ, ನನ್ನ ಕಿವಿ ಮುಂಚಿನ ಹಾಗಿಲ್ಲ," ಅಂದುಬಿಟ್ಟ. ಮನೆಯಲ್ಲಿ ಅಕ್ಕನ ಹೆಬ್ಬೆರಳು ಮೆಲ್ಲಗೆ ಮುಷ್ಟಿಯೊಳಕ್ಕೆ ಮರಳಿತ್ತು. ಅವಳು ಈಗ ಕೈಯನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. "ನೀನೇನು ಮಾಡ್ತೀಯ ಪುಟ್ಟಾ," ಎಂದು ಐವತ್ತೇಳರ ತಮ್ಮನನ್ನು ಸಮಾಧಾನ ಮಾಡುತ್ತಿದ್ದಳು.

ಆ ಗುರುವಾರ ಅವನು ಅಂಗಡಿಗೆ ಹೋಗಲಿಲ್ಲ. ಗಾಡಿ ಮೊಂಡು ಬಿದ್ದಾಗಲೇ ಹಿಡಿಯಬೇಕೆಂದು ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ಕೂತ. ಹತ್ತಕ್ಕೆ ಸರಿಯಾಗಿ ಅಕ್ಕ ಹೊರಗೆ ಮೆಟ್ಟಿಲ ಮೇಲಿನ ಕುರ್ಚಿಯಲ್ಲಿ. ಎದುರಿಗೆ ಗಾಡಿಯ ಎಂಜಿನ್ ಗರಗರ ಸುತ್ತಿತು. ಹತ್ತಿಕೊಳ್ಳಲಿಲ್ಲ. ಮೇಸ್ತ್ರಿ ಸಂತೋಷದಿಂದ ಓಡಿದ. ಎರಡು ತಿಂಗಳಿಂದ ತಪ್ಪಿಸಿಕೊಂಡ ರೋಗ ಕೊನೆಗೂ ಕೈಗೆ ಸಿಕ್ಕಿತ್ತು.

"ಕೀ ಹಾಗೇ ಬಿಡು, ಮುಟ್ಟಬೇಡ. ಇಳಿ."

ಬೈಂಡರ್ ಮುಖ ಬಿಳಿಚಿಕೊಂಡಿತು. "ನೀನು ಅಂಗಡಿಗೆ ಹೋಗಿಲ್ವಾ?"

"ಮೊದಲು ಇಳಿಯೋ."

ಸ್ಟೀರಿಂಗಿನ ಪಕ್ಕ ಬಲ್ಬು ಸತ್ತಿತ್ತು. ಕೀ ಮತ್ತೆ ತಿರುಗಿಸಿ ನೋಡಿದ. ಉರಿಯಲಿಲ್ಲ. "ಉರೀತಿತ್ತು ಅಂದಿದ್ದೆಯಲ್ಲೋ?"

"ಆವತ್ತು ಉರೀತಿತ್ತು."

ಮೇಸ್ತ್ರಿ ಫ್ಯೂಸ್ ಪೆಟ್ಟಿಗೆಯಿಂದ ಹೊರಟು ಬೆರಳಲ್ಲಿ ವೈರಿನ ಜಾಡು ಹಿಡಿದ. ಚಾಲಕನ ಸೀಟಿನ ಕೆಳಗೆ, ಕಾರ್ಪೆಟ್ಟಿನಡಿ, ವೈರನ್ನು ಕತ್ತರಿಸಿ ಜೋಡಿಸಿದ ಗಂಟು ಸಿಕ್ಕಿತು. ಗಂಟಿನ ಮೇಲೆ ಹಸಿರು ಟೇಪು. ಅವನು ಜನ್ಮದಲ್ಲಿ ಕರಿ ಟೇಪು ಬಿಟ್ಟು ಬೇರೆ ಸುತ್ತಿದವನಲ್ಲ, ಸುತ್ತಿದ ಮೇಲೆ ದಾರ ಬಿಗಿಯದೆ ಬಿಟ್ಟವನಲ್ಲ. ಇದು ಇನ್ನೊಬ್ಬ ಮೇಸ್ತ್ರಿಯ ಕೈ. ಗಂಟಿನಾಚೆ, ಕೂತವನ ಬೆರಳಿಗೆ ಎಟುಕುವ ಹಾಗೆ, ಒಂದು ಸಣ್ಣ ಸ್ವಿಚ್ಚು. ಒತ್ತಿ ಕೀ ಮತ್ತೆ ತಿರುಗಿಸಿದ. ಬಲ್ಬು ಹತ್ತಿತು. ಹಿಂದಿನ ಸೀಟಿನಡಿ ಪಂಪು ಗುಂಯ್ ಅಂದಿತು.

"ಕಳ್ಳರ ಭಯಕ್ಕೆ ಹಾಕಿಸಿದ್ದು," ಅಂದ ಬೈಂಡರ್ ನೆಲ ನೋಡುತ್ತ. "ನೀನು ಬೈತೀಯ ಅಂತ ಬೇರೆಯವನ ಹತ್ರ."

ಮೇಸ್ತ್ರಿ ಬಲ್ಬಿನ ಕಡೆ ಬೆರಳು ತೋರಿಸಿದ.

"ಎರಡು ಮೂರು ವಾರದ ಮಾತು ಅನ್ಕೊಂಡಿದ್ದೆ ಕಣೋ. ಆರು ತಿಂಗಳು ಅಂತ ಗೊತ್ತಿರಲಿಲ್ಲ. ಬಾಯಿಬಿಟ್ಟು ಇಲ್ಲ ಅನ್ನೋಕಾಗ್ಲಿಲ್ಲ."

"ಬಾಯಿ ಬಿಡಲಿಲ್ಲ ಅಂತೀಯಾ? ಬಲ್ಬು ಉರೀತಿತ್ತು ಅಂತ ಎರಡು ಸಲ ಬಿಟ್ಟೆಯಲ್ಲೋ. ನನ್ನ ಕಿವಿಯೇ ಹೋಯ್ತು ಅಂತ ಹೆದರಿದ್ದೆ ನಾನು. ಅವಳ ಬೆರಳು..."

"ಗಾಡಿ ನೀನೇ ಇಟ್ಕೋ. ಎಷ್ಟು ದಿನ ಬೇಕಾದ್ರೂ," ಅಂದ ಬೈಂಡರ್.

ಈ ಗಾಡಿಯಲ್ಲಿ ಕೂರುವುದಿಲ್ಲ ಎಂದು ಹೇಳಿ ಕೀ ಎಸೆಯಬೇಕು ಅನ್ನಿಸಿತು ಮೇಸ್ತ್ರಿಗೆ. ಆದರೆ ಹತ್ತೂ ಕಾಲಾಗಿತ್ತು. ಮೇಸ್ತ್ರಿ ಅಕ್ಕನನ್ನು ಕೈಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಬೈಂಡರ್ ಬಾಗಿಲು ಹಿಡಿಯಲು ಬಂದ; ಮೇಸ್ತ್ರಿ ತಾನೇ ಹಾಕಿದ.

ಬೀದಿ ದಾಟಿದ ಮೇಲೆ ಅಕ್ಕ ಕೇಳಿದಳು: "ಏನಾಗಿತ್ತಂತೆ ಗಾಡಿಗೆ?"

ಎಲ್ಲೋ ವೈರು ಸಡಿಲ ಅನ್ನಬಹುದಿತ್ತು. "ಗಾಡಿಗೆ ಏನೂ ಆಗಿರಲಿಲ್ಲ ಅಕ್ಕಾ," ಅಂದ. "ಅವನೇ ನಿಲ್ಲಿಸ್ತಿದ್ದ."

ಆಸ್ಪತ್ರೆಯ ಗೇಟು ಬಂತು.

"ಬರುವಾಗ ಬಸ್ಸಲ್ಲಿ ಬರೋಣ ಪುಟ್ಟಾ."

"ಬಸ್ಸಿನ ಮೆಟ್ಟಿಲು ಎತ್ತರ ಅಕ್ಕಾ."

"ನೀನು ಹಿಂದಿನಿಂದ ಎತ್ತು. ಗಾಡಿ ಇಲ್ಲೇ ಇರಲಿ, ಬಂದು ತಗೊಂಡು ಹೋಗೋಕೆ ಹೇಳು. ಅವನ ಕೈಗೆ ಹತ್ತಿಕೊಳ್ಳುತ್ತಲ್ಲ."

ಮೇಸ್ತ್ರಿ ಎಂಜಿನ್ ಆರಿಸಿ ಇಳಿದು, ಅವಳ ಕಡೆಯ ಬಾಗಿಲು ತೆಗೆದ. ಅವಳು ಮುಷ್ಟಿಗೈಯನ್ನು ಸೆರಗಿನಿಂದ ಹೊರತೆಗೆದು ಅವನ ಭುಜದ ಮೇಲಿಟ್ಟಳು.